ಹಣಮಪ್ಪನ ಕಟ್ಟೆಯಿಂದ ಇನ್ನೂರ ಅರವತ್ತೆರಡು

ನಮ್ಮ ನಡಿಗೆಯ ಗುಂಪಿನವರಿಗೆ ಈಗಲೂ ದಾರಿ ಹಾಕಿಕೊಡುವವಳು ನಾನೇ. ಕಂಪ್ಯೂಟರಿನ ನಕ್ಷೆಯ ಮೇಲೆ ಹೊರಡುವ ಜಾಗದಲ್ಲೊಂದು ಚುಕ್ಕೆ, ಮುಟ್ಟುವ ಜಾಗದಲ್ಲೊಂದು ಚುಕ್ಕೆ ಇಟ್ಟರೆ ನಡುವೆ ಗೆರೆ ಬೀಳುತ್ತದೆ. ಗೆರೆಯ ಪಕ್ಕದಲ್ಲಿ ದೂರ ಎಷ್ಟು, ಉತ್ತರದಿಂದ ಎಷ್ಟು ಡಿಗ್ರಿ ತಿರುಗಿ ನಡೆಯಬೇಕು ಎಂದು ಬರುತ್ತದೆ. ಅದನ್ನೇ ಚೀಟಿಯಲ್ಲಿ ಬರೆದುಕೊಡುತ್ತೇನೆ. ಎಲ್ಲಿಂದ ಹೊರಡಬೇಕು ಎಂಬುದನ್ನು ಮೊದಲೂ ಬರೆಯುತ್ತಿದ್ದೆ. ಈಗ ಅದನ್ನು ಡಿಗ್ರಿಗಿಂತ ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಅಡ್ಡಗೆರೆ ಎಳೆಯುತ್ತೇನೆ. ಗುಂಪಿನವರು ಯಾರೂ ಯಾಕೆ ಎಂದು ಕೇಳುವುದಿಲ್ಲ, ಅವರಿಗೆಲ್ಲ ಗೊತ್ತಿದೆ.

ನಾನು ಹೈದರಾಬಾದಿನ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ನಕ್ಷೆ ಎಳೆಯುವ ಕೆಲಸ ಮಾಡಿದವಳು. ವಾಲ್ವುಗಳ ನಕ್ಷೆ. ಮೊದಲು ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಒಂದು ಕೋನ ತಪ್ಪಿದರೆ ಇಡೀ ಎರಕ ದಂಡ ಎಂದು ಬೈಸಿಕೊಂಡು ಕಲಿತ ವಿದ್ಯೆ. ಹೀಗಾಗಿ ನಮ್ಮ ಮನೆಯವರು ನಿವೃತ್ತರಾಗಿ, ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಿರಿ ಎಂದು ಹೇಳಿ, ಅವರು ಭಾನುವಾರದ ನಡಿಗೆಯವರನ್ನು ಸೇರಿಕೊಂಡಾಗ ಡಿಗ್ರಿಯ ಲೆಕ್ಕ ನನ್ನ ಕೊರಳಿಗೇ ಬಿತ್ತು. ಅವರಿಗೆ ಕಂಪ್ಯೂಟರಿನ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಜೀಡಿಮೆಟ್ಲಾದ ಕಾರ್ಖಾನೆಯಲ್ಲಿ ಮಾಲು ಲಾರಿಗೆ ಏರಿಸುವ ವಿಭಾಗ ನೋಡಿಕೊಂಡಿದ್ದ ಮನುಷ್ಯ, ಓಡಾಟ ಬೇಕು, ಕೂತು ಮಾಡುವ ಕೆಲಸ ಬೇಡ. ನಾನು ಗೆರೆ ಎಳೆಯುವುದು, ಅವರು ಅದರ ಮೇಲೆ ನಡೆಯುವುದು ಎಂದು ತಾನಾಗಿಯೇ ಹಂಚಿಕೆಯಾಯಿತು. ನಾನು ಒಂದು ದಿನವೂ ಜೊತೆಗೆ ಹೋಗಲಿಲ್ಲ. ನನ್ನ ಮಂಡಿ ಸರಿಯಿಲ್ಲ, ಮನೆಯಲ್ಲಿ ಅತ್ತೆಯನ್ನು ಬಿಟ್ಟು ಹೋಗುವಂತೆಯೂ ಇರಲಿಲ್ಲ.

ಮೊಬೈಲಿನಲ್ಲೇ ದಿಕ್ಸೂಚಿ ಇರುತ್ತದೆ, ನಿಜ. ಆದರೆ ಅವರ ಮೊಬೈಲಿನ ಚೀಲಕ್ಕೆ ಅಯಸ್ಕಾಂತದ ಗುಂಡಿ, ಮುಳ್ಳು ಕುಣಿಯುತ್ತಿತ್ತು. ಅಬಿಡ್ಸ್ ಪೇಟೆಗೆ ಹೋಗಿ ಒಂದು ಒಳ್ಳೆಯ ದಿಕ್ಸೂಚಿ, ಒಂದು ಸೀಟಿ ಕೊಂಡು ತಂದು ಕೊರಳಿಗೆ ದಾರ ಕಟ್ಟಿ ಹಾಕಿಕೊಂಡರು. ನಕ್ಷೆಯ ಉತ್ತರ ಬೇರೆ, ಮುಳ್ಳಿನ ಉತ್ತರ ಬೇರೆ ಎಂದು ನಾನು ಓದಿ ಹೇಳಿದೆ. ನಮ್ಮ ಕಡೆ ಆ ವ್ಯತ್ಯಾಸ ತೀರಾ ಕಡಿಮೆ, ಕಾಲ್ನಡಿಗೆಯವರ ಲೆಕ್ಕಕ್ಕೆ ಬರುವಷ್ಟಲ್ಲ. ಸೊನ್ನೆ ಎಂದರೆ ಉತ್ತರ, ತೊಂಬತ್ತು ಪೂರ್ವ, ನೂರ ಎಂಬತ್ತು ದಕ್ಷಿಣ, ಇನ್ನೂರ ಎಪ್ಪತ್ತು ಪಶ್ಚಿಮ. ಅವರು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡರು.

ನಮ್ಮತ್ತೆಗೆ ಎಂಟೇ ದಿಕ್ಕು, ನನಗೆ ಮುನ್ನೂರ ಅರವತ್ತು. ತಂಟೆ ಇಲ್ಲಿಂದಲೇ.

ಅತ್ತೆ ಭಾಲ್ಕಿ ಕಡೆಯವರು. ಎಂಬತ್ತು ದಾಟಿದ್ದರೂ ಮೈ ಗಟ್ಟಿ, ಬಾಯಿ ಇನ್ನೂ ಗಟ್ಟಿ. ಹೈದರಾಬಾದಿಗೆ ಬಂದು ನಲವತ್ತು ವರ್ಷವಾದರೂ ತೆಲುಗು ಬಾರದು, ಉರ್ದು ಮಾತ್ರ ಚೆನ್ನಾಗಿ ಆಡುತ್ತಾರೆ. ಅವರಿಗೆ ವಾರಶೂಲ ಎಂದರೆ ಕಾಯಿದೆ. ಸೋಮವಾರ ಶನಿವಾರ ಮೂಡಲಿಗೆ ಹೊರಡಬಾರದು, ಗುರುವಾರ ತೆಂಕಲಿಗೆ, ಮಂಗಳವಾರ ಬುಧವಾರ ಬಡಗಲಿಗೆ, ಶುಕ್ರವಾರ ಭಾನುವಾರ ಪಡುವಲಿಗೆ. ಆ ದಿನ ಆ ದಿಕ್ಕಿನಲ್ಲಿ ಶೂಲ ನಿಂತಿರುತ್ತದೆ, ಎದುರು ಹೋದವನಿಗೆ ತಾಗುತ್ತದೆ. ಹೋಗಲೇಬೇಕಾದರೆ ಅದಕ್ಕೂ ಉಪಾಯವಿದೆ. ಹಿಂದಿನ ದಿನವೇ ಚೀಲವನ್ನು ಪಕ್ಕದವರ ಮನೆಯಲ್ಲಿ ಇಟ್ಟುಬಂದರೆ ಪ್ರಯಾಣ ಹಿಂದಿನ ದಿನವೇ ಶುರುವಾದಂತೆ. ಅದಾಗದಿದ್ದರೆ ಮೊದಲು ಬೇರೆ ದಿಕ್ಕಿಗೆ ನಾಲ್ಕು ಹೆಜ್ಜೆ ಹೋಗಿ ಆಮೇಲೆ ತಿರುಗಿಕೊಳ್ಳಬೇಕು. ಶೂಲಕ್ಕೆ ಇಷ್ಟು ಸುಲಭವಾಗಿ ಮೋಸ ಮಾಡಬಹುದಾದರೆ ಅದಕ್ಕೆ ಹೆದರುವುದೇಕೆ ಎಂದು ನಾನು ಮದುವೆಯಾದ ಹೊಸದರಲ್ಲಿ ಕೇಳಿ ಬೈಸಿಕೊಂಡಿದ್ದೇನೆ.

ನಡಿಗೆಯವರು ಹೋಗುವುದು ಭಾನುವಾರ. ವಿಕಾರಾಬಾದಿನ ಕಾಡು ಇರುವುದು ಹೈದರಾಬಾದಿನ ಪಡುವಲಿಗೆ. ಇನ್ನೇನು ಬೇಕು? ಪ್ರತಿ ಶನಿವಾರ ಸಂಜೆ ಇವರ ಚೀಲ ಎದುರು ಮನೆಯವರ ಜಗಲಿಯ ಮೇಲೆ ಹೋಗಿ ಕೂರುತ್ತಿತ್ತು. ಎದುರು ಮನೆಯವರು ತೆಲುಗಿನವರು, ಅವರಿಗೂ ಶೂಲ ಗೊತ್ತು, ಆದ್ದರಿಂದ ನಗುತ್ತಿರಲಿಲ್ಲ. ನಾನೇ ನಗುತ್ತಿದ್ದೆ. ಅತ್ತೆ ಅಷ್ಟಕ್ಕೂ ಬಿಡುವವರಲ್ಲ. ರೈಲಿನ ಪ್ರಯಾಣ ರೈಲಿನದು, ಕಾಲಿನ ಪ್ರಯಾಣ ಕಾಲಿನದು ಎಂದು ಇನ್ನೊಂದು ಕಲಮು ಸೇರಿಸಿದ್ದರು. ಹೀಗಾಗಿ ಇವರು ಕಾಡಿನ ಬುಡದಲ್ಲಿ ಇಳಿದ ಮೇಲೂ ಬಡಗಲಿಗೆ ನಾಲ್ಕು ಹೆಜ್ಜೆ ಹಾಕಿ, ಹೊರಟ ಜಾಗಕ್ಕೇ ಮರಳಿ ಬಂದು, ಆಮೇಲೆ ನನ್ನ ಡಿಗ್ರಿ ಹಿಡಿಯುತ್ತಿದ್ದರು. ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಗುಂಪಿನವರು ಚಹಾ ಕುಡಿಯುತ್ತ ಕಾಯುತ್ತಿದ್ದರಂತೆ.

ತಾಯಿಗೂ ಹೂಂ, ಹೆಂಡತಿಗೂ ಹೂಂ. ಜೀವನವಿಡೀ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮನುಷ್ಯ. ಇದರ ಬಗ್ಗೆ ಒಮ್ಮೆ ಜಗಳ ತೆಗೆದಾಗ ನನಗೆ ಹೇಳಿದ್ದು ಇಷ್ಟೇ: "ನಿನ್ನ ಡಿಗ್ರಿನೂ ಇರ್ಲಿ, ಅವ್ವನ ದಿಕ್ಕೂ ಇರ್ಲಿ. ನನಗೇನು ಭಾರ ಆಗ್ತೈತಿ?"

ಆ ಸಲ ವಿಕಾರಾಬಾದಿನಿಂದ ಇನ್ನೂ ಆಚೆ, ತಾಂಡೂರಿನ ಕಡೆಗೆ ಹೊಸ ದಾರಿಯೊಂದನ್ನು ಹುಡುಕಿದ್ದೆವು. ಒಂದು ಸಣ್ಣ ಊರು, ಊರಿಗೊಂದು ಕೆರೆ. ಕೆರೆಕಟ್ಟೆಯಿಂದ ಪಡುವಲಿಗೆ ಕುರುಚಲು ಕಾಡು, ಅದರಾಚೆ ಎರಡು ಗುಡ್ಡದ ನಡುವೆ ಒಂದು ಹಳೆಯ ಕಲ್ಲುಮಂಟಪ. ಮೇಲಿನಿಂದ ತೆಗೆದ ಚಿತ್ರದಲ್ಲಿ ಮಂಟಪದ ಚೌಕ ಸ್ಪಷ್ಟವಾಗಿ ಕಾಣುತ್ತಿತ್ತು. ಕಟ್ಟೆಯ ತುದಿಯಲ್ಲಿ ಒಂದು ಚುಕ್ಕೆ, ಮಂಟಪದ ಮೇಲೆ ಒಂದು ಚುಕ್ಕೆ ಇಟ್ಟೆ. ಇನ್ನೂರ ಅರವತ್ತೆರಡು ಡಿಗ್ರಿ ಬಂತು, ಪಶ್ಚಿಮಕ್ಕೆ ಎಂಟು ಡಿಗ್ರಿ ಕಡಿಮೆ. ಗೆರೆಯುದ್ದಕ್ಕೂ ನೋಡಿದೆ. ದೊಡ್ಡ ಹಳ್ಳವಿಲ್ಲ, ಕಡಿದಾದ ಇಳಿಜಾರಿಲ್ಲ. ಚೀಟಿ ಬರೆದುಕೊಟ್ಟೆ. ಗುಂಪಿನವರನ್ನು ಕರೆದುಕೊಂಡು ಹೋಗುವ ಮುಂಚಿನ ಭಾನುವಾರ ಇವರೊಬ್ಬರೇ ಹೋಗಿ ನೋಡಿಕೊಂಡು ಬರುವುದು ವಾಡಿಕೆ.

ಆ ಭಾನುವಾರ ಯುಗಾದಿ ಅಮಾವಾಸ್ಯೆ. ವರ್ಷದ ಕಡೆಯ ದಿನ, ಮೇಲೆ ಅಮಾವಾಸ್ಯೆ, ಮೇಲೆ ಪಡುವಲ ಶೂಲ. ಅತ್ತೆ ಬೇಡವೆಂದರು. ನಾನೂ ಬೇಡವೆಂದೆ, ನನ್ನ ಕಾರಣ ಬಿಸಿಲು ಮತ್ತು ಹಬ್ಬದ ಕೆಲಸ. ಮುಂದಿನ ವಾರ ಗುಂಪಿಗೆ ಮಾತು ಕೊಟ್ಟಾಗಿದೆ, ಹಬ್ಬ ನಾಳೆ ತಾನೇ ಎಂದು ಅವರು ಹೊರಟೇಬಿಟ್ಟರು. ಸನತ್‌ನಗರ ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿ ಹೋದರು. ಚೀಲದಲ್ಲಿ ಎರಡು ಬಾಟಲಿ ನೀರು, ಜೋಳದ ರೊಟ್ಟಿ, ಶೇಂಗಾ ಹಿಂಡಿ. ಸಂಜೆ ರೈಲಿಗೆ ಬರುವಾಗ ಮಾವಿನ ಎಲೆ ತರಲು ಹೇಳಿದ್ದೆ.

ಊರು ಮುಟ್ಟಿದ ಮೇಲೆ ತಾಯಿಗೆ ಫೋನ್ ಮಾಡುವುದು ಅವರ ಕ್ರಮ. ಆ ಹೊತ್ತಿಗೆ ನಾನು ಮಾಳಿಗೆಯ ಮೇಲೆ ಹಬ್ಬಕ್ಕೆಂದು ಒಗೆದ ಹಾಸಿಗೆ ಬಟ್ಟೆ ಹರವುತ್ತಿದ್ದೆ. ಕೆಳಗೆ ಬಂದಾಗ ಅತ್ತೆ ಮುಟ್ಟಿದಾನಂತೆ ಎಂದು ಮಾತ್ರ ಹೇಳಿದರು. ಸರಿ ಎಂದು ಒಲೆಯ ಕಡೆ ಹೋದೆ. ಅವರಿಬ್ಬರ ನಡುವೆ ಆ ಫೋನಿನಲ್ಲಿ ಏನು ಮಾತಾಯಿತು ಎಂದು ಕೇಳಬೇಕು ಅನಿಸಲಿಲ್ಲ. ಮೂವತ್ತು ವರ್ಷ ಅದೇ ಮಾತು ಕೇಳಿದವಳು ನಾನು.

ಸಂಜೆಯ ರೈಲಿಗೆ ಬರಲಿಲ್ಲ. ಆಮೇಲಿನದಕ್ಕೂ ಬರಲಿಲ್ಲ. ಫೋನ್ ಹತ್ತಲಿಲ್ಲ. ಗುಂಪಿನ ಹಿರಿಯರೊಬ್ಬರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದ ತೆಲುಗಿನವರು, ನಮ್ಮ ಮನೆಯವರ ಜೀವದ ಗೆಳೆಯ. ಅವರಿಗೆ ಹೇಳಿದೆ. ಕಾಡಿನೊಳಗೆ ಸಿಗ್ನಲ್ ಇರುವುದಿಲ್ಲ, ರೈಲು ತಪ್ಪಿರಬೇಕು ಎಂದು ಧೈರ್ಯ ಹೇಳಿದರು. ಆದರೂ ಬೆಳಕು ಹರಿಯುವ ಮುಂಚೆ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ಅತ್ತೆಯನ್ನು ಎದುರು ಮನೆಯವರಿಗೆ ಒಪ್ಪಿಸಿ ನಾನೂ ಹೋದೆ.

ಆ ಸೋಮವಾರವನ್ನು ಹೇಗೆ ಹೇಳಲಿ? ಊರಲ್ಲಿ ಯುಗಾದಿ. ಬಾಗಿಲಿಗೆಲ್ಲ ಮಾವಿನ ತೋರಣ, ಅಂಗಳದಲ್ಲಿ ಹೊಸ ಬಟ್ಟೆಯ ಮಕ್ಕಳು. ಠಾಣೆಯಲ್ಲಿ ಹಬ್ಬಕ್ಕೆ ಉಳಿದವರು ಮೂರೇ ಜನ, ಅದರಲ್ಲಿ ಒಬ್ಬ ಪೇದೆಯನ್ನು ಕಳಿಸಿದರು. ಅರಣ್ಯದ ಕಾವಲುಗಾರ ಬಂದ. ಊರಿನವರು ಪೂಜೆ ಅರ್ಧಕ್ಕೆ ಬಿಟ್ಟು ಬಂದರು, ಅದನ್ನು ನಾನು ಮರೆಯುವುದಿಲ್ಲ. ಚಹಾದಂಗಡಿಯವನು ನಿನ್ನೆ ಬೆಳಿಗ್ಗೆ ಇವರು ಚಹಾ ಕುಡಿದದ್ದನ್ನು ನೋಡಿದ್ದ. ಆಮೇಲೆ ಯಾವ ಕಡೆ ಹೋದರೆಂದು ನೋಡಿರಲಿಲ್ಲ. ನೋಡುವುದೇನಿದೆ, ನನ್ನ ಗೆರೆ ಇದೆಯಲ್ಲ. ಮೊಬೈಲಿನಲ್ಲಿ ಗೆರೆ ತೆಗೆದು ಪೇದೆಗೆ ತೋರಿಸಿದೆ. ಇದರ ಮೇಲೆಯೇ ನಡೆದಿರುತ್ತಾರೆ, ಅವರು ಡಿಗ್ರಿ ತಪ್ಪುವವರಲ್ಲ ಎಂದೆ.

ಗೆರೆಯ ಮೇಲೆ ಹೋದರು, ಗೆರೆಯ ಆ ಬದಿ ಈ ಬದಿ ಹೋದರು. ಮಂಟಪದವರೆಗೆ ಹೋಗಿ ಕೂಗಿ ಬಂದರು. ಮಂಟಪದ ಧೂಳಿನಲ್ಲಿ ಬೂಟಿನ ಗುರುತಿರಲಿಲ್ಲ. ಪೇದೆ ಫೋನಿನ ವಿವರ ತರಿಸಿದ. ಕಡೆಯ ಕರೆ ಹೋದದ್ದು ಅತ್ತೆಯ ಫೋನಿಗೆ, ಆದರೆ ಆ ಟವರು ಸುತ್ತಲಿನ ನಾಲ್ಕಾರು ಊರಿಗೆಲ್ಲ ಒಂದೇ. ಅವನು ಅತ್ತೆಗೇ ಫೋನ್ ಮಾಡಿ ಉರ್ದುವಿನಲ್ಲಿ ಮಗ ಏನು ಹೇಳಿದ ಎಂದು ಕೇಳಿದ. ಹೊರಟೆ ಎಂದ, ಅಷ್ಟೇ ಎಂದರಂತೆ. ಮಧ್ಯಾಹ್ನ ಯಾವುದೋ ಮನೆಯ ಹೆಂಗಸು ನನ್ನ ಕೈಗೆ ಬೇವಿನ ಪಚ್ಚಡಿಯ ಬಟ್ಟಲು ಕೊಟ್ಟಳು. ವರ್ಷದ ಮೊದಲ ದಿನ ಬಾಯಿಗೆ ಹಾಕಿಕೊಳ್ಳದೆ ಇರಬಾರದು ಎಂದಳು. ಹಾಕಿಕೊಂಡೆ. ಬಿಸಿಲು ಕಲ್ಲು ಕಾಯಿಸುವ ಹಾಗಿತ್ತು. ಕತ್ತಲಾದ ಮೇಲೆ ಹುಡುಕುವವರೂ ಬೀಳುತ್ತಾರೆ ಎಂದು ಕಾವಲುಗಾರ ಎಲ್ಲರನ್ನೂ ನಿಲ್ಲಿಸಿದ.

ಹಿರಿಯರು ನನ್ನನ್ನು ಮನೆಗೆ ಕರೆತಂದರು. ದಾರಿಯಲ್ಲಿ ಅವರು, ನಕ್ಷೆ ಏನಾದರೂ ಹಳೆಯದಿರಬಹುದೇ, ಗೆರೆ ಏನಾದರೂ ತಪ್ಪಿರಬಹುದೇ ಎಂದು ಮೆಲ್ಲಗೆ ಕೇಳಿದರು. ಪಾಪ, ಬೇರೆ ದಾರಿ ತೋಚದೆ ಕೇಳಿದ ಮಾತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಗೆರೆ ಸರಿಯಿದೆ ಎಂದೆ. ಇಂದಿಗೂ ಅದನ್ನೇ ಹೇಳುತ್ತೇನೆ, ಗೆರೆ ಸರಿಯಿತ್ತು.

ಮಂಗಳವಾರ ಬೆಳಿಗ್ಗೆ ಕಾರು ಬರುವುದರೊಳಗೆ ಮತ್ತೊಮ್ಮೆ ನೋಡೋಣವೆಂದು ಕಂಪ್ಯೂಟರಿನ ಮುಂದೆ ಕೂತೆ. ಅತ್ತೆ ಬಂದು ಹಿಂದೆ ನಿಂತರು. ಎರಡು ದಿನದಿಂದ ಅವರು ಬಾಯಿಗೆ ಏನೂ ಹಾಕಿಕೊಂಡಿರಲಿಲ್ಲ ಎಂದು ಎದುರು ಮನೆಯವರು ಹೇಳಿದ್ದರು. ನನ್ನ ಕಂಪ್ಯೂಟರಿನ ಕಡೆ ಎಂದೂ ತಲೆ ಹಾಕದವರು, ಅಂದು ಕಣ್ಣು ಕಿರಿದು ಮಾಡಿ ಪರದೆಯನ್ನೇ ನೋಡಿದರು.

"ಇದೇನಿದು ಗೆರಿ?" ಎಂದರು.

"ನಿಮ್ಮ ಮಗ ನಡದ ದಾರಿರಿ," ಎಂದೆ.

"ಎಲ್ಲಿಂದ?"

"ಕೆರಿ ಕಟ್ಟಿಯಿಂದರಿ. ಇಲ್ಲೇ ಇಳದು ನಡದಾರ," ಎಂದು ಬೆರಳಿಟ್ಟು ತೋರಿಸಿದೆ.

ಅವರು ತಲೆ ಆಡಿಸಿದರು. "ಅಲ್ಲಿಂದ ಅಲ್ಲ, ಯವ್ವಾ. ಅಂವ ಊರ ಬಡಗಲ ಹಣಮಪ್ಪನ ಕಟ್ಟಿ ದಾಟಿ ನಡದಾನ. ನಾನೇ ಹೇಳಿದ್ನಿ. ಅಮಾಸಿ ಐತಿ, ನಾಕು ಹೆಜ್ಜಿ ಸಾಲಂಗಿಲ್ಲ, ಗಡಿ ದೇವ್ರನ್ನ ದಾಟು, ದಾಟಿದ ಮ್ಯಾಲ ಹೊಳ್ಳಿ ಬರಬ್ಯಾಡ ಅಂತ. ದಾಟೀನಿ ಅಂತ ಅಲ್ಲಿಂದನ ಫೋನ್ ಮಾಡಿದ."

ಒಂದು ಗಳಿಗೆ ನನಗೆ ಅದು ತಲೆಗೆ ಹೋಗಲಿಲ್ಲ. ಆಮೇಲೆ ಹೊಳೆಯಿತು. ಡಿಗ್ರಿ ಎಂಬುದು ಹೊರಟ ಜಾಗಕ್ಕೆ ಕಟ್ಟಿದ್ದು. ಅದೇ ಇನ್ನೂರ ಅರವತ್ತೆರಡನ್ನು ಬೇರೆ ಕಡೆಯಿಂದ ಹಿಡಿದರೆ ಗೆರೆ ಪಕ್ಕಕ್ಕೆ ಸರಿದು, ಉದ್ದಕ್ಕೂ ಪಕ್ಕದಲ್ಲೇ ಹೋಗಿ, ಬೇರೆಲ್ಲೋ ಮುಟ್ಟುತ್ತದೆ. ಅವರು ತಾಯಿಯ ಮಾತಿನಂತೆ ಬಡಗಲಿಗೆ ಹೋಗಿದ್ದಾರೆ, ತಾಯಿಯ ಮಾತಿನಂತೆ ಮರಳಿ ಬಂದಿಲ್ಲ, ಅಲ್ಲಿ ನಿಂತು ನನ್ನ ಮಾತಿನಂತೆ ಡಿಗ್ರಿ ಹಿಡಿದಿದ್ದಾರೆ. ಇಬ್ಬರದೂ ಇರಲಿ.

"ನಿನ್ನೆನ ಯಾಕ ಹೇಳಲಿಲ್ಲರಿ?" ಎಂದೆ. ನನ್ನ ದನಿ ಏರಿತ್ತು.

"ಎಲ್ಲಿಂದ ಹೊಂಟ ಅಂತ ಯಾರ್ ಕೇಳಿದ್ರು? ದೇವ್ರ ಮಾತು ಪೊಲೀಸರಿಗೆ ಏನಂತ ಹೇಳ್ಲಿ?" ಎಂದರು. ಆಮೇಲೆ ಪರದೆಯನ್ನೂ ನನ್ನನ್ನೂ ಒಂದು ಸಲ ನೋಡಿ, "ಯಾಕ, ಏನಾತು?" ಎಂದರು.

ಏನೂ ಇಲ್ಲ ಎಂದೆ. ನಕ್ಷೆಯಲ್ಲಿ ಊರಿನ ಬಡಗಲಿಗೆ ಹುಡುಕಿದೆ. ರಸ್ತೆಯ ಬದಿಯಲ್ಲಿ ಸಣ್ಣ ಬಿಳಿಯ ಕಟ್ಟೆ, ಬೇವಿನ ಮರ, ಕೆರೆಕಟ್ಟೆಯಿಂದ ಒಂದೂವರೆ ಕಿಲೋಮೀಟರ್. ಅಲ್ಲೊಂದು ಚುಕ್ಕೆ ಇಟ್ಟು ಇನ್ನೂರ ಅರವತ್ತೆರಡಕ್ಕೆ ಗೆರೆ ಎಳೆದೆ. ಆ ಗೆರೆ ಕೂಡ ಎರಡು ಗುಡ್ಡಗಳ ನಡುವೆಯೇ ಹೋಯಿತು. ಅವು ಬೇರೆ ಗುಡ್ಡಗಳು, ನೋಡಲು ಅವೇ ಇದ್ದ ಹಾಗಿವೆ. ಅದರಾಚೆ ಬೂದು ಬಣ್ಣದ ಚೌಕ ಚೌಕ ಕಲೆಗಳಿದ್ದವು. ಆ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಚೌಕ ಏನೆಂದು ಹೇಳಬೇಕಿಲ್ಲ. ಪರಸಿ ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಗುಂಡಿಗಳು. ನಮ್ಮ ಮನೆಯ ನೆಲಕ್ಕೆ ಹಾಸಿರುವುದೂ ಅದೇ ಕಲ್ಲು.

ಆ ದಿನ ನಾನೇ ಮುಂದೆ ನಡೆದೆ. ಮಂಡಿಯ ನೆನಪಾಗಲಿಲ್ಲ. ಹಣಮಪ್ಪನ ಕಟ್ಟೆಯ ಮೇಲೆ ಒಡೆದ ತೆಂಗಿನ ಚಿಪ್ಪು ಇತ್ತು, ಅವರೇ ಒಡೆದದ್ದೋ ಬೇರೆಯವರೋ ತಿಳಿಯದು. ಹಿರಿಯರು ತಮ್ಮ ದಿಕ್ಸೂಚಿಯನ್ನು ನನ್ನ ಕೈಗೆ ಕೊಟ್ಟರು. ಮುಳ್ಳು ನಿಲ್ಲುವವರೆಗೆ ಕಾದು, ಇನ್ನೂರ ಅರವತ್ತೆರಡರ ನೇರಕ್ಕೆ ಒಂದು ಮರ ನೋಡಿಕೊಂಡು, ಆ ಮರಕ್ಕೆ ನಡೆದು, ಅಲ್ಲಿಂದ ಇನ್ನೊಂದು. ಅಷ್ಟು ವರ್ಷ ಚೀಟಿ ಬರೆದುಕೊಟ್ಟರೂ ಡಿಗ್ರಿಯ ಮೇಲೆ ನಡೆಯುವುದು ಎಂದರೇನೆಂದು ಆಗ ಗೊತ್ತಾಯಿತು. ಮುಳ್ಳುಕಂಟಿ, ಸೀತಾಫಲದ ಪೊದೆ, ಕಾಲಿಗೆ ಜಾರುವ ಬಿಲ್ಲೆಗಲ್ಲು. ನಕ್ಷೆಯ ಮೇಲೆ ಗೇಣುದ್ದದ ಗೆರೆ, ಇಲ್ಲಿ ಅರ್ಧ ಮುಂಜಾನೆ. ಒಂದು ಕಡೆ ಕಂಟಿಗೆ ಸಿಕ್ಕಿದ್ದ ನೀಲಿ ದಾರದ ಎಳೆ ಕಂಡಿತು. ಅವರ ಟೊಪ್ಪಿಗೆಯ ದಾರ ನೀಲಿ. ಪೇದೆ ನನ್ನನ್ನು ನಿಲ್ಲಲು ಹೇಳಿ ಮುಂದೆ ಹೋದ. ನಾನು ನಿಲ್ಲಲಿಲ್ಲ.

ಗುಂಡಿಯ ಅಂಚನ್ನು ಪೊದೆ ಮುಚ್ಚಿತ್ತು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕಲ್ಲಿನ ಕೆಳಗೆ, ಗೋಡೆಗೆ ಒರಗಿ ಅವರು ಕೂತಿದ್ದರು. ಬಿದ್ದಾಗ ಒಂದು ಕಾಲು ಮುರಿದಿತ್ತು. ಪಕ್ಕದಲ್ಲಿ ಎರಡೂ ಬಾಟಲಿ ಖಾಲಿ. ರೊಟ್ಟಿಯ ಗಂಟು ಬಿಚ್ಚಿರಲಿಲ್ಲ. ಕೊರಳಿನ ಸೀಟಿ ಬಾಯಿಯ ಹತ್ತಿರವೇ ಕೈಯಲ್ಲಿತ್ತು. ಆ ಗುಂಡಿಯಲ್ಲಿ ಪಡುವಲ ಗೋಡೆಯ ಬುಡದಲ್ಲಿ ಬೆಳಗಿನ ಬಿಸಿಲು ನೇರ ಬೀಳುತ್ತದೆ, ಎದುರು ಗೋಡೆಯ ಕೆಳಗೆ ನೆರಳಿತ್ತು. ಆದರೂ ಅವರು ತೆವಳಿ ಬಂದು ಬಿಸಿಲಿನ ಗೋಡೆಗೇ ಒರಗಿ ಕೂತಿದ್ದರು, ಮುಖ ಮೂಡಲಿಗೆ. ನಾವು ಬರುವ ಕಡೆಗೆ. ನನ್ನ ಹೆಂಡತಿಗೆ ಡಿಗ್ರಿ ಗೊತ್ತು, ಅದನ್ನು ಹಿಡಿದು ಬಂದೇ ಬರುತ್ತಾಳೆ ಎಂದು ನಂಬಿ ದಾರಿ ನೋಡುತ್ತ ಕೂತಿದ್ದರು. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ.

ತಾಲೂಕಿನ ಆಸ್ಪತ್ರೆಯಲ್ಲಿ ಕೊಯ್ದು ನೋಡಿದರು. ಡಾಕ್ಟರು ಹಿರಿಯರನ್ನು ಪಕ್ಕಕ್ಕೆ ಕರೆದು ಮಾತಾಡಿದ್ದನ್ನು ನಾನು ನೋಡಿದೆ, ಬಿಡದೆ ಕೇಳಿದೆ. ಸೋಮವಾರ ಸಂಜೆಯವರೆಗೂ ಜೀವ ಇದ್ದಿರಬಹುದು, ಬಿಸಿಲಿಗೆ ನೀರಿಲ್ಲದೆ ಹೋಗಿದ್ದಾರೆ ಎಂದಿದ್ದರಂತೆ. ಸೋಮವಾರ ಸಂಜೆಯವರೆಗೆ ಅಷ್ಟು ಜನ ಕೂಗುತ್ತ ತಿರುಗಿದ್ದು ಒಂದೂವರೆ ಕಿಲೋಮೀಟರ್ ತೆಂಕಲಿಗೆ. ನಡುವೆ ಗುಡ್ಡ. ನಮ್ಮ ಕೂಗು ಅವರಿಗೆ, ಅವರ ಸೀಟಿ ನಮಗೆ ಕೇಳಲಿಲ್ಲ. ಜೀವ ಹೋದ ಹೊತ್ತಿನ ಮಾತು ನಮ್ಮತ್ತೆಯ ಕಿವಿಗೆ ಬೀಳಕೂಡದು ಎಂದು ಹಿರಿಯರಿಂದ ಮಾತು ತೆಗೆದುಕೊಂಡೆ. ಅದು ಕರುಣೆಯಿಂದಲ್ಲ. ಅವರು ಅದನ್ನು ಕೇಳಿ ಅಳುವುದನ್ನು ನೋಡುತ್ತ ಕೂರುವ ಶಕ್ತಿ ನನ್ನಲ್ಲಿರಲಿಲ್ಲ, ಅಷ್ಟೇ. ಒಳಗೊಳಗೆ, ನಿಮ್ಮ ಹಣಮಪ್ಪ ಎಲ್ಲಿಗೆ ದಾಟಿಸಿದ ನೋಡಿರಿ ಎಂದು ಅವರ ಮುಖಕ್ಕೇ ಹೇಳಬೇಕು ಎನ್ನುವ ಸಿಟ್ಟೂ ಇತ್ತು. ಮನೆ ಮುಟ್ಟುವವರೆಗೆ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಬುಧವಾರ ಬೆಳಿಗ್ಗೆ ದೇಹ ಮನೆಗೆ ಬಂತು. ಅತ್ತೆ ಅಳಲಿಲ್ಲ. ಮಗನ ಹಣೆಗೆ ತಾವೇ ವಿಭೂತಿ ಹಚ್ಚಿದರು. ಯಾವಾಗ ಹೋಯಿತು ಜೀವ ಎಂದು ಬಂದವರೆಲ್ಲ ಕೇಳಿದರು, ಅವರೊಬ್ಬರು ಕೇಳಲಿಲ್ಲ. ಎಲ್ಲಿ ಸಿಕ್ಕರು ಎಂದು ಮಾತ್ರ ಒಮ್ಮೆ ಕೇಳಿದರು. ಹಣಮಪ್ಪನ ಕಟ್ಟೆಯಿಂದ ಪಡುವಲಿಗೆ ಎಂದೆ. ಸೋಮವಾರ ನೀವು ಎಲ್ಲಿ ಹುಡುಕಿದಿರಿ ಎಂದರು. ಕೆರೆಕಟ್ಟೆಯಿಂದ ಎಂದೆ. ನಾಲಿಗೆಯ ತುದಿಯಲ್ಲಿದ್ದ ಮಾತು ಅಲ್ಲೇ ಉಳಿಯಿತು. ಅವರು ಮಗನ ಪಾದದ ಮೇಲೆ ಕೈ ಇಟ್ಟುಕೊಂಡು ಕೂತರು.

ಭಾಲ್ಕಿಯಿಂದ ಬಂಧುಗಳು ಬಂದರು. ಮಧ್ಯಾಹ್ನ ಎತ್ತುವ ಹೊತ್ತಿಗೆ ಅತ್ತೆಯ ಮೈದುನರೊಬ್ಬರು, ಮನೆತನದ ಹಿರಿಯರು, ಬಾಗಿಲಲ್ಲಿ ನಿಂತು ಗೊಂದಲಕ್ಕೆ ಬಿದ್ದರು. ನಮ್ಮವರ ರುದ್ರಭೂಮಿ ಇರುವುದು ಮನೆಯಿಂದ ಬಡಗಲಿಗೆ. ಅಂದು ಬುಧವಾರ. ಹೋದವನಿಗೆ ಶೂಲವಿಲ್ಲ, ನಿಜ, ಆದರೆ ಹೊರುವವರು ಮಕ್ಕಳೊಂದಿಗರು, ಮೊದಲು ಮೂಡಲ ಓಣಿಗೆ ಇಳಿದು ಸುತ್ತು ಹಾಕಿಕೊಂಡು ಹೋಗೋಣವೇ ಎಂದು ಅತ್ತೆಯನ್ನೇ ಕೇಳಿದರು. ನಮ್ಮ ಮನೆಯಲ್ಲಿ ಇಂಥದಕ್ಕೆಲ್ಲ ಅವರ ಮಾತೇ ಕಡೆಯ ಮಾತು. ಓಣಿಯಲ್ಲಿ ನಿಂತವರೆಲ್ಲ ಅವರ ಬಾಯಿ ನೋಡಿದರು. ನಾನೂ ನೋಡಿದೆ.

ಅತ್ತೆ ಗೋಡೆ ಹಿಡಿದು ಎದ್ದು ಹೊಸ್ತಿಲಿಗೆ ಬಂದರು.

"ನೆಟ್ಟಗ ಒಯ್ರಿ," ಎಂದರು. "ಅಂವಗ ಸುತ್ತು ಹಾಕಿಸಿದ್ದು ಸಾಕು."